ಕರ್ಪೂರಕ್ಕೆ ಕಾವಲು

ಹಿಂದೂಪುರದ ಆ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನವೆಂದರೆ ಮಂಗಳಗೌರಿ ಟೀಚರು ಎನ್ನುವ ಕಾಲವೊಂದಿತ್ತು. ಕಲ್ಲು ಘನ, ನೀರು ದ್ರವ, ಆವಿ ಅನಿಲ ಎಂದು ಅವಳು ಮೇಜು ತಟ್ಟಿ ಹೇಳಿದರೆ ಹುಡುಗಿಯರು ಹಾಗೇ ಒಪ್ಪಿಸುತ್ತಿದ್ದರು. ಕಲ್ಯಾಣದುರ್ಗದಿಂದ ಭ್ರಮರಾಂಬ ಹೊಸ ಟೀಚರಾಗಿ ಬಂದಳು ನೋಡಿ, ಎಲ್ಲ ತಲೆಕೆಳಗಾಯಿತು. ಅವಳು ಬಿಸಿ ಬೆಲ್ಲದ ಪಾಕವನ್ನು ಲೋಟಕ್ಕೊಮ್ಮೆ, ತಟ್ಟೆಗೊಮ್ಮೆ ಸುರಿದು, "ಇದರ ಸ್ವಂತ ಆಕಾರ ಯಾವುದ್ರಮ್ಮ?" ಎನ್ನುವಳು. ಆರಿ ಗಟ್ಟಿಯಾದ ಮೇಲೆ ಅದನ್ನೇ ಮುರಿದು ಹಂಚುವಳು. ಅಂಥ ಪಾಠವನ್ನು ಯಾವ ಹುಡುಗಿ ಮರೆತಾಳು?

"ನೀವೂ ಏನಾದ್ರೂ ಕರಗ್ಸಿ ತೋರ್ಸಿ ಟೀಚರಮ್ಮ, ಕಲ್ಲಾದ್ರೂ ಸರಿ," ಎಂದಳು ನಾರಮ್ಮ ಎಂಬ ತುಂಟಿ. ತರಗತಿ ಗೊಳ್ಳೆಂದಿತು. ಮಂಗಳಗೌರಿಯೂ ನಕ್ಕಳು, ನಕ್ಕು ಮೇಜನ್ನು ಇನ್ನಷ್ಟು ಜೋರಾಗಿ ತಟ್ಟಿದಳು.

ಶುಕ್ರವಾರ ಇನ್‌ಸ್ಪೆಕ್ಟ್ರೆಸ್ ಬರುವವರಿದ್ದರು. ಪಾಠ ನೋಡಿ, ಇಬ್ಬರಲ್ಲಿ ಒಬ್ಬರಿಗೆ ದೊಡ್ಡ ತರಗತಿಯ ವಿಜ್ಞಾನ ಒಪ್ಪಿಸುವರು. ಆ ತರಗತಿ ಇಷ್ಟು ದಿನ ಮಂಗಳಗೌರಿಯದೇ. ಭ್ರಮರಾಂಬ ಸೋಮವಾರವೇ ತಟ್ಟೆಯಲ್ಲಿ ಕರ್ಪೂರದ ಬಿಲ್ಲೆಯಿಟ್ಟು, ಮೇಲೆ ತೆಳುಬಟ್ಟೆ ಹೊದಿಸಿ, "ಶುಕ್ರವಾರದವರೆಗೆ ಯಾರೂ ಎತ್ತಬಾರದು. ಘನವಾಗಿದ್ದದ್ದು ನೀರಾಗದೆಯೇ ಗಾಳಿಗೆ ಸೇರುತ್ತೆ, ನೋಡ್ತಿರಿ," ಎಂದಳು. ಹುಡುಗಿಯರಿಗೆ ಬೇರೆ ಮಾತೇ ಇಲ್ಲ.

ಬುಧವಾರ ಶಾಲೆ ಬಿಟ್ಟ ಮೇಲೆ ಮಂಗಳಗೌರಿ ಆ ಬಟ್ಟೆಯಡಿಗೆ ಒಂದು ಹಿಡಿ ಕಾಳುಮೆಣಸು ಸರಿಸಿಬಿಟ್ಟಳು. ಅವಳ ಮನೆಯ ದೇವರಗೂಡಿನಲ್ಲಿ ಮೆಣಸಿಲ್ಲದ ಕರ್ಪೂರದ ಡಬ್ಬಿಯೇ ಇರಲಿಲ್ಲ. ಮೆಣಸಿದ್ದರೆ ಕರ್ಪೂರ ಹಾರುವುದಿಲ್ಲ ಎನ್ನುವುದು ಅವಳ ಕೈಗೆ ಅಭ್ಯಾಸವಾಗಿದ್ದ ಸತ್ಯ. ಪುಸ್ತಕ ತೆಗೆದು ನೋಡಬೇಕೆಂದೂ ತೋಚಲಿಲ್ಲ. ಬಿಲ್ಲೆ ಇದ್ದ ಹಾಗೇ ಇರಲಿ, ಎಲ್ಲರೆದುರು ಭ್ರಮರಾಂಬೆಯ ಮುಖ ಸಣ್ಣದಾಗಲಿ.

ಶುಕ್ರವಾರ ಇನ್‌ಸ್ಪೆಕ್ಟ್ರೆಸ್, ಮಂಗಳಗೌರಿ ಇಬ್ಬರೂ ನೋಡುತ್ತಿರುವಂತೆ ಭ್ರಮರಾಂಬ ಬಟ್ಟೆ ಎತ್ತಿದಳು. ಕರ್ಪೂರವಿಲ್ಲ. ಬರೀ ಮೆಣಸು! ಅರೆಗಳಿಗೆ ತಬ್ಬಿಬ್ಬಾದವಳು ತಟ್ಟನೆ ತರಗತಿಯ ಕಡೆ ತಿರುಗಿದಳು.

"ಮೆಣಸು ಕಾಯುತ್ತೆ ಅಂತೀವಲ್ಲ ಮನೇಲಿ. ಇಲ್ಲಿ ಯಾಕ್ರಮ್ಮ ಕಾಯ್ಲಿಲ್ಲ?"

"ಕಾಯೋದು ಡಬ್ಬಿ ಮುಚ್ಚಳ ಕಣ್ ಟೀಚರಮ್ಮ!" ನಾರಮ್ಮ ಎದ್ದೇ ನಿಂತಳು. "ಬಿಗಿಯಾಗಿ ಮುಚ್ಚಿದ್ರೆ ಅದೆಲ್ಲಿಗ್ ಹೋಯ್ತದೆ?"

ಇನ್‌ಸ್ಪೆಕ್ಟ್ರೆಸ್ ಮುಖ ಅರಳಿತು. "ಭಲೇ! ಮೆಣಸು ಹಾಕೋ ಯೋಚನೆ ನಿಮ್ಮದೇನಮ್ಮ?"

ಭ್ರಮರಾಂಬ ಬಾಯಿ ತೆರೆಯುವಷ್ಟರಲ್ಲಿ, ಆ ಹೊಗಳಿಕೆಯೂ ಅವಳ ಪಾಲಾಗುತ್ತದಲ್ಲ ಎಂದು ಮಂಗಳಗೌರಿ ಮುಂದೆ ಬಂದಳು.

"ನಾನು. ಹಾಕಿದ್ದು ನಾನು."

"ಹೌದೆ? ಏನಾಗುತ್ತೆ ಅಂತ ಎಣಿಸಿದ್ರಿ?"

ಮಂಗಳಗೌರಿ ತಟ್ಟೆಯ ಮೆಣಸನ್ನು ಬೆರಳಿನಿಂದ ಒಂದೆಡೆಗೆ ಸರಿಸತೊಡಗಿದಳು. ಇನ್‌ಸ್ಪೆಕ್ಟ್ರೆಸ್ ತಮ್ಮ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡರು. ದೊಡ್ಡ ತರಗತಿ ಭ್ರಮರಾಂಬೆಯದಾಯಿತು.

ಸಂಜೆ ಶಾಲೆಯ ಜಗುಲಿಯ ಮೇಲೆ ಕೂತಿದ್ದ ಮಂಗಳಗೌರಿಯ ಪಕ್ಕದಲ್ಲಿ ಭ್ರಮರಾಂಬ ಬಂದು ಕೂತಳು.

"ಕಲ್ಯಾಣದುರ್ಗದಲ್ಲಿ ನಮ್ಮಮ್ಮಾನೂ ಮೆಣಸು ಹಾಕ್ತಾಳೆ ಅಕ್ಕಯ್ಯ. ಇವತ್ತಿನವರೆಗೂ ನಾನೂ ನಂಬಿದ್ದೆ. ಬಿಡಿ, ನೀವು ಯಾಕೆ ಹಾಕಿದ್ರಿ ಅಂತ ನಾನು ಯಾರಿಗೂ ಹೇಳಲ್ಲ."

ಮಂಗಳಗೌರಿ ಅವಳತ್ತ ತಿರುಗಲಿಲ್ಲ. ತರಗತಿ ಹೋದದ್ದನ್ನಾದರೂ ಹೇಗೋ ನುಂಗಿಕೊಳ್ಳಬಹುದಿತ್ತು. ಒಳ್ಳೆಯತನದಲ್ಲೂ ಇವಳೇ ಮುಂದಾಗಬೇಕೆ?