ಷೇರಿನ ಹಕ್ಕೂ ಕಲ್ಮೇಶನ ಕಮಿಟಿಯೂ

ಸಾಫ್ಟ್‌ವೇರ್ ಆರಿಸುವ ಕಮಿಟಿಗೆ ಕಲ್ಮೇಶನೇ ಮುಖ್ಯಸ್ಥ ಎಂಬ ಸುದ್ದಿ ಕೇಳಿದಾಗ ಭುವನೇಶ್ವರಿ ನಗಲಿಲ್ಲ. ನಗುವುದಕ್ಕೂ ಎದುರಿನವನಿಗೆ ಒಂದಿಷ್ಟು ಯೋಗ್ಯತೆ ಬೇಕು ಎಂದುಕೊಂಡು ಕನ್ನಡಕ ಒರೆಸಿ ಮತ್ತೆ ಕೆಲಸಕ್ಕೆ ಕೂತಳು.

ಸಿಂದಗಿಯಿಂದ ವಿಜಾಪುರಕ್ಕೆ ಹೋಗುವ ರಸ್ತೆಯ ಮೇಲಿನ ಡೋಣಿ ಸೀಡ್ಸ್ ಕಂಪನಿಯಲ್ಲಿ ಅವಳು ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ. ಹಲಸಂಗಿಯ ಹೆಣ್ಣುಮಗಳು, ಮದುವೆಯ ಮಾತು ಬಂದಾಗಲೆಲ್ಲ ಒಂದೊಂದು ಪರೀಕ್ಷೆ ಕಟ್ಟಿ ಪಾಸಾಗಿ ತಪ್ಪಿಸಿಕೊಂಡವಳು. ಕಲ್ಮೇಶನೆಂದರೆ ಎಂ.ಡಿ. ಸಂಜೀವಕುಮಾರನ ಹೆಂಡತಿಯ ತಮ್ಮ. ಬಿ.ಎ.ಯನ್ನು ಊರೂರು ಸುತ್ತಿ ಓದಿ ಎಲ್ಲಿಯೂ ಮುಗಿಸದೆ, ಕೊನೆಗೆ ಅಕ್ಕನ ಗಂಡನ ಕಂಪನಿಯಲ್ಲಿ ಸಿಬ್ಬಂದಿ ವಿಭಾಗದ ಮ್ಯಾನೇಜರ್ ಆಗಿದ್ದ. ಸಿಬ್ಬಂದಿಯ ಬಗ್ಗೆ ಅವನಿಗೆ ಗೊತ್ತಿದ್ದದ್ದು ಒಂದೇ: ಅವರು ತನ್ನನ್ನು ಕಂಡಾಗ ಎದ್ದು ನಿಲ್ಲಬೇಕು.

ಅದು ಎರಡು ಸಾವಿರದ ಆರನೇ ಇಸವಿಯ ಬೇಸಿಗೆ. ಪುಣೆಯ ಒಂದು ಹೂಡಿಕೆ ಸಂಸ್ಥೆ ಡೋಣಿ ಸೀಡ್ಸ್‌ನಲ್ಲಿ ಪಾಲು ಕೊಳ್ಳಲು ಮುಂದೆ ಬಂದಿತ್ತು. ಕಂಪನಿಯ ಜೀವವೆಲ್ಲ ಅದರ ತೊಗರಿ ತಳಿಯಲ್ಲಿತ್ತು. ಆ ತಳಿಯನ್ನು ಕಟ್ಟಿದವನು ಹೂವಿನ ಹಿಪ್ಪರಗಿಯ ಪರಮಾನಂದ. ಬೇರೆ ಕಂಪನಿಗಳು ಅವನನ್ನು ಸೆಳೆಯಲು ಕಾಯುತ್ತಿವೆ ಎಂಬುದು ಪುಣೆಯವರಿಗೆ ತಿಳಿದಿತ್ತು. ಹಾಗಾಗಿ ಅವರು ಒಂದು ಷರತ್ತು ಹಾಕಿದರು: ಮುಖ್ಯ ನೌಕರರಿಗೆ ಷೇರು ಕೊಳ್ಳುವ ಹಕ್ಕು ಕೊಡಿ, ಅದರ ಲೆಕ್ಕ ಇಡಲು ಸರಿಯಾದ ಸಾಫ್ಟ್‌ವೇರ್ ತನ್ನಿ.

ಈ ಹಕ್ಕು ಏನೆಂದು ಕಮಿಟಿಯಲ್ಲಿ ಭುವನೇಶ್ವರಿಯ ಹೊರತು ಯಾರಿಗೂ ತಿಳಿದಿರಲಿಲ್ಲ. ತಿಳಿದುಕೊಳ್ಳುವ ತುರ್ತೂ ಇರಲಿಲ್ಲ. ಕಲ್ಮೇಶ ಕಂಪನಿಯ ಜೀಪು ತೆಗೆದುಕೊಂಡು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಡಿಪೋಗಳಿಗೆ ‘ಅಗತ್ಯಗಳ ಅಧ್ಯಯನ’ಕ್ಕೆಂದು ಹೋದ. ಇಂಡಿಯಿಂದ ಒಂದು ಚೀಲ ನಿಂಬೆಹಣ್ಣು ತಂದ. ಅಧ್ಯಯನದ ಫಲ ಅಷ್ಟೇ.

ಆ ಹಕ್ಕು ಎಂದರೇನೆಂದು ಕೇಳಲು ಬಂದವನು ಪರಮಾನಂದ ಒಬ್ಬನೇ. ಮೊಣಕಾಲಿಗೆ ಹೊಲದ ಕರಿಮಣ್ಣು ಮೆತ್ತಿಕೊಂಡೇ ಅವಳ ಕೋಣೆಗೆ ಬಂದು ಕುರ್ಚಿ ಎಳೆದುಕೊಂಡ.

"ಷೇರು ಕೊಡ್ತಾರಂತಲ್ರಿ ಮ್ಯಾಡಮ್ಮಾರ, ಪುಕ್ಕಟ?"

"ಪುಕ್ಕಟ ಯಾರು ಏನು ಕೊಟ್ಟಾರ್ರಿ ನಿಮಗ ಈ ಕಂಪನ್ಯಾಗ? ಇವತ್ತಿನ ದರಾ ಕಟ್ಟಿಡ್ತಾರ. ಮುಂಗಡ ಸಂಚಕಾರ ಕೊಡದನ ದರಾ ಕಟ್ಟಿಸಿದಂಗ. ಮೂರು ವರ್ಷ ಇಲ್ಲೇ ದುಡದ್ರ ಆ ಹಕ್ಕು ಮಾಗ್ತೈತಿ. ಆಗ ಷೇರಿನ ಬೆಲಿ ಏರಿದ್ದರ ಇವತ್ತಿನ ದರದಾಗ ಕೊಳ್ರಿ. ಇಳದಿದ್ದರ ಬಿಡ್ರಿ."

"ನಡುವ ಬಿಟ್ಟು ಹ್ವಾದ್ರ?"

"ಹಕ್ಕು ಹೋತು."

"ನಡುವ ಸತ್ರ?"

ಅವಳು ಮೊದಲ ಬಾರಿಗೆ ತಲೆ ಎತ್ತಿ ನೋಡಿದಳು. "ಸತ್ರ ಹೋಗೂದಿಲ್ಲ. ಅವತ್ತ ಮಾಗಿ ಹೆಂಡ್ತಿ ಮಕ್ಕಳಿಗೆ ಸೇರ್ತೈತಿ. ಹಂಗಂತ ನಾನು ನಿಯಮದಾಗ ಬರದೇನಿ. ಸಾಹೇಬ್ರು ಓದದ ಸಹಿ ಹಾಕ್ಯಾರ."

ಪರಮಾನಂದ ನಕ್ಕ. "ನೀವು ಎಲ್ಲಾರ್ನೂ ಹೊಟ್ಟಿನಂಗ ತೂರ್ತೀರಿ ಬಿಡ್ರಿ. ನಿಮ್ಮ ಮೊರದಾಗ ಕಾಳು ಅನ್ನೂದು ಒಂದರ ಉಳದೈತೇನು?"

"ಗಾಳಿ ಬೀಸಿದಾಗ ನೋಡೋಣ," ಎಂದಳು.

ಸಾಫ್ಟ್‌ವೇರ್ ಮಾರಲು ಮೊದಲು ಬಂದವನು ಹುಬ್ಬಳ್ಳಿಯ ಮುತ್ತುರಾಜ. ಸಿಂದಗಿಯ ಬಿಸಿಲಿನಲ್ಲಿ ಟೈ ಕಟ್ಟಿಕೊಂಡಿದ್ದ. ಅದು ಅವನ ಮೊದಲ ತಪ್ಪು. ಗೋಡೆಯ ಮೇಲೆ ಚಿತ್ರ ಬಿಟ್ಟ: ಹೋಳಿಗೆ ಕೊಯ್ದಂತೆ ಹೋಳುಹೋಳಾದ ಬಣ್ಣಬಣ್ಣದ ಚಕ್ರಗಳು, ಹುಟ್ಟುಹಬ್ಬದ ದಿನ ನೌಕರನ ಹೆಸರಿನ ಸುತ್ತ ಹಾರುವ ಬಲೂನುಗಳು. ಕಲ್ಮೇಶ ಬಲೂನುಗಳನ್ನು ಮತ್ತೊಮ್ಮೆ ಹಾರಿಸಿ ನೋಡಿದ. "ಭಾರಿ ಐತ್ರಿ ಮಾವಾರ," ಎಂದು ಸಂಜೀವಕುಮಾರನ ಕಡೆ ತಿರುಗಿದ.

ಭುವನೇಶ್ವರಿ ಒಂದು ಪರೀಕ್ಷೆ ಕೊಟ್ಟಳು. "ಒಬ್ಬ ನೌಕರ ಎರಡನೇ ವರ್ಷದಾಗ ಸತ್ತ. ತೋರಿಸ್ರಿ."

ಮುತ್ತುರಾಜ ಒಂದೆರಡು ಗುಂಡಿ ಒತ್ತಿದ. ಗೋಡೆಯ ಮೇಲೆ ಆ ನೌಕರನ ಹೆಸರಿನ ಮುಂದೆ ‘ರಾಜೀನಾಮೆ’ ಎಂದು ಮೂಡಿತು. ಹಕ್ಕೆಲ್ಲ ರದ್ದು.

"ಸತ್ತಾಂವ ರಾಜೀನಾಮಿ ಕೊಟ್ಟನೇನ್ರಿ?"

"ಲೆಕ್ಕದ ಪ್ರಕಾರ ಎರಡೂ ಒಂದ ಅಲ್ರೀ ಮ್ಯಾಡಮ್," ಎಂದ ಮುತ್ತುರಾಜ, ಹಲ್ಲು ತೋರಿಸಿ. "ಒಟ್ಟಿನ್ಯಾಗ ಕೆಲಸಕ್ಕ ಬರೂದಿಲ್ಲ."

ಅವಳು ಅವನನ್ನು ಮನುಷ್ಯರ ಪಟ್ಟಿಯಿಂದ ಅಲ್ಲಿಗೇ ಹೊಡೆದುಹಾಕಿದಳು. ಆದರೂ ಖರ್ಚಿನ ಲೆಕ್ಕ ಕೇಳಿದಳು. ಕೊಟ್ಟ ಹಕ್ಕಿಗೂ ಒಂದು ಬೆಲೆಯಿದೆ. ಅದು ಒಂದು ಬಗೆಯ ಸಂಬಳವೇ ಆದ್ದರಿಂದ ದುಡಿಯುವ ವರ್ಷಗಳಿಗೆಲ್ಲ ಹಂಚಿ ಖರ್ಚಿಗೆ ಹಾಕಬೇಕು. ಮುತ್ತುರಾಜನ ಸಾಫ್ಟ್‌ವೇರ್ ಅಷ್ಟನ್ನೂ ಕೊನೆಯ ವರ್ಷದ ತಲೆಯ ಮೇಲೆ ಹೇರಿತ್ತು. ಅದನ್ನು ತೋರಿಸಿದರೆ ಅವನು ಮತ್ತೆ ಬಲೂನು ಬಿಟ್ಟ.

ಎರಡನೆಯವಳು ಬೆಳಗಾವಿಯ ಸುಮಂಗಲಾ. ಅವಳೇ ಆ ಸಾಫ್ಟ್‌ವೇರ್ ಬರೆದವಳು, ಅವಳೇ ಮಾರುವವಳು. ಪರದೆ ಒಲೆಯ ಬೂದಿಯ ಬಣ್ಣದ್ದು, ಅಕ್ಷರಗಳು ಸಣ್ಣವು. ನಡುವೆ ಕರೆಂಟು ಹೋದಾಗ ಯಾರನ್ನೂ ಮಾತಾಡಿಸದೆ ಕಿಟಕಿಯ ಹೊರಗೆ ನೋಡುತ್ತ ಕೂತಳು.

"ಬಣ್ಣ ಇಲ್ಲೇನ್ರಿ ಇದ್ರಾಗ?" ಕಲ್ಮೇಶ ಕೇಳಿದ.

"ಬಣ್ಣ ಬೇಕಾದ್ರ ಗ್ವಾಡಿಗೆ ಹಚ್ಚಿಸ್ರಿ."

ಭುವನೇಶ್ವರಿಗೆ ಈ ಹೆಂಗಸೂ ಸೇರಲಿಲ್ಲ. ಇಷ್ಟು ಧಿಮಾಕು ತನಗಿದ್ದರೆ ಸಾಕು, ಮಾರಲು ಬಂದವಳಿಗೆ ಯಾಕೆ? ಆದರೆ ಸುಮಂಗಲಾಳ ಯಂತ್ರ ಸತ್ತವನನ್ನು ಸತ್ತವನೆಂದೇ ಗುರುತಿಸಿತು, ವಾರಸುದಾರರ ಹೆಸರು ಕೇಳಿತು, ಖರ್ಚನ್ನು ವರ್ಷವರ್ಷಕ್ಕೆ ಹಂಚಿತು. ಅಷ್ಟರಲ್ಲಿ ಭುವನೇಶ್ವರಿ ಹಕ್ಕು ಕೊಟ್ಟ ತಾರೀಖನ್ನು ತಪ್ಪಾಗಿ ಒತ್ತಿಬಿಟ್ಟಳು. ತಿದ್ದಲು ಹೋದರೆ ಅದು ತಿದ್ದಗೊಡಲಿಲ್ಲ. ಹಳೆಯ ನಮೂದು ಹಾಗೇ ಉಳಿಯಬೇಕು, ಕಾರಣ ಬರೆದು ರದ್ದು ಮಾಡಬೇಕು, ಇನ್ನೊಬ್ಬರು ಒಪ್ಪಬೇಕು, ಆಮೇಲೆ ಹೊಸದು.

"ಒಂದು ತಾರೀಖು ಬದ್ಲಿ ಮಾಡಾಕ ಇಷ್ಟು ರಾಮಾಯಣೇನ್ರಿ?" ಎಂದ ಸಂಜೀವಕುಮಾರ. ಇಷ್ಟು ಹೊತ್ತು ಮೊಬೈಲು ನೋಡುತ್ತಿದ್ದವನ ಬಾಯಿಂದ ಬಂದ ಮೊದಲ ಮಾತು ಅದು. "ಆ ಹುಬ್ಬಳ್ಳ್ಯಾವ್ನದು ಹೆಂಗ?"

"ಅವಂದು ಹೆಂಗ ಬೇಕಾದ್ರೂ ಬದ್ಲಿ ಆಗ್ತೈತ್ರಿ ಮಾವಾರ!" ಎಂದ ಕಲ್ಮೇಶ.

ಭುವನೇಶ್ವರಿ ಧಣಿಯ ಮುಖ ನೋಡಿದಳು. ಬಲೂನಿಗೂ ಅರಳದಿದ್ದ ಆ ಮುಖ ಈಗ ಅರಳಿತ್ತು.

ಯಾಕೆಂದು ಮರುದಿನ ಅವನೇ ಹೇಳಿದ. ಕೋಣೆಗೆ ಕರೆಸಿ, ಬಾಗಿಲು ಹಾಕಿಸಿ, ಚಹಾ ತರಿಸಿದ. ಅವನು ಚಹಾ ತರಿಸಿದನೆಂದರೆ ಏನೋ ಹೊಲಸು ಕೆಲಸ ಬಂತೆಂದೇ ಅರ್ಥ.

"ಭುವನಕ್ಕಾರ, ನೀವು ಮನಿ ಮಂದಿ ಇದ್ದಂಗ. ಪುಣೆದವರು ಬಂದ ಮ್ಯಾಲ ಷೇರಿನ ದರಾ ಎಲ್ಲಿಗೋ ಹೋಗ್ತೈತಿ. ಮೂರು ವರ್ಷದ ಹಿಂದ ಅದರ ಬೆಲಿ ಏನಿತ್ತು? ಮಣ್ಣಿನ ಬೆಲಿ. ಕಲ್ಮೇಶಗ, ಇನ್ನೊಂದಿಬ್ಬರಿಗೆ ಹಕ್ಕನ್ನ ಆವಾಗನ ಕೊಟ್ಟಂಗ ತಾರೀಖು ಹಾಕೋಣ. ದರಾನೂ ಹಳೇದು, ವರ್ಷಾನೂ ತುಂಬಿದಂಗ. ಮರುದಿನ ಕೊಳ್ಳಾಕ ಬರ್ತೈತಿ."

"ಪರಮಾನಂದಗ?"

"ಅವಗ ಇವತ್ತಿನ ತಾರೀಖು, ಹೊಸ ದರಾ. ಅಂವ ಹೊರಗಿನಾಂವ." ಸಂಜೀವಕುಮಾರ ಧ್ವನಿ ತಗ್ಗಿಸಿದ. "ನಿಮ್ಮ ಹೆಸರೂ ಹಳೇ ತಾರೀಖಿನ್ಯಾಗ ಸೇರಿಸ್ತೇನಿ."

ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರುವುದು ಸರೀಕರ ಮೇಲೆ. ಇವನ ಅಪ್ಪ ಬಸಂತರಾಯ ಸಂತೆಯಲ್ಲಿ ಬೀಜ ಮಾರಿ ಕಟ್ಟಿದ ಕಂಪನಿ. ಮಗನಿಗೆ ಕಳ್ಳತನ ಮಾಡುವಷ್ಟು ಬುದ್ಧಿಯೂ ಇಲ್ಲ, ಅದಕ್ಕೂ ಒಂದು ಸಾಫ್ಟ್‌ವೇರ್ ಬೇಕು! ತನ್ನನ್ನೂ ಕಲ್ಮೇಶನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದನಲ್ಲ ಎಂಬುದು ಮಾತ್ರ ಚುಚ್ಚಿತು. ಚಹಾ ಮುಟ್ಟದೆ ಎದ್ದಳು.

"ಸಾಹೇಬ್ರ, ಆರಿಸೂ ಮುಂದ ಪುಣೆಯ ಜೋಗಳೇಕರ ಅವರೂ ಇರಲಿ. ರೊಕ್ಕಾ ಹಾಕವರು ಅವರು. ಕಣ್ಣಾರೆ ನೋಡ್ಲಿ."

ಸಂಜೀವಕುಮಾರ ಹಿಗ್ಗಿದ. ಬಣ್ಣದ ಚಕ್ರಗಳನ್ನು ಪುಣೆಯವರಿಗೆ ತೋರಿಸಲು ಅವನಿಗೂ ಮನಸ್ಸಿತ್ತು. ಇವಳು ಒಪ್ಪಿದಳೆಂದೇ ತಿಳಿದ.

ಜೋಗಳೇಕರ ಸೊಲ್ಲಾಪುರದ ದಾರಿಯಿಂದ ಕಾರಿನಲ್ಲಿ ಬಂದ. ತೆಳ್ಳನೆಯ ಮನುಷ್ಯ, ನೀರು ಕೂಡ ತನ್ನದೇ ಬಾಟಲಿಯದು. ಕನ್ನಡ ತಿಳಿಯುತ್ತಿತ್ತು, ಆಡುವುದು ಮರಾಠಿ. ಮೀಟಿಂಗ್ ಕೋಣೆಯಲ್ಲಿ ಮುತ್ತುರಾಜ ಹೊಸ ಟೈ ಕಟ್ಟಿಕೊಂಡು ಸಜ್ಜಾಗಿದ್ದ. ಸುಮಂಗಲಾ ಮೂಲೆಯಲ್ಲಿ ತನ್ನ ಸರದಿಗೆ ಕಾಯುತ್ತಿದ್ದಳು. ಚಕ್ರಗಳು ತಿರುಗಿದವು, ಬಲೂನುಗಳು ಹಾರಿದವು. ಜೋಗಳೇಕರನ ಮುಖದಲ್ಲಿ ಏನೂ ಕಾಣಲಿಲ್ಲ. ಆಗ ಭುವನೇಶ್ವರಿ ಮೆತ್ತಗೆ ಕೇಳಿದಳು.

"ಮುತ್ತುರಾಜ್ ಅವರ, ಹಕ್ಕು ಕೊಟ್ಟ ತಾರೀಖು ತಪ್ಪು ಬಿದ್ದಿದ್ದರ ಹೆಂಗ್ರಿ?"

ಅವಳ ಧ್ವನಿಯಲ್ಲಿ ಅಷ್ಟು ಮೃದುತನ ಯಾರೂ ಕೇಳಿರಲಿಲ್ಲ. ಮುತ್ತುರಾಜ ಉಬ್ಬಿದ. "ಅದ ನಮ್ಮ ವಿಶೇಷ ನೋಡ್ರಿ ಮ್ಯಾಡಮ್! ನೋಡ್ರಿ, ಎರಡು ಸಾವಿರದ ಆರು ಇತ್ತು, ಮೂರು ಮಾಡಿದೆ. ದರಾ ತಾನ ಇಳೀತು, ಹಕ್ಕು ತಾನ ಮಾಗ್ತು. ಮತ್ತ ಹಿಂದಿಂದು ಒಂದು ಗೆರಿ ಸೈತ ಉಳಿಯೂದಿಲ್ಲ. ಆಡಿಟರ್ ಬಂದು ಬುಡಾ ಮ್ಯಾಲ ಮಾಡಿದ್ರೂ ಸಿಗೂದಿಲ್ಲ."

ಜೋಗಳೇಕರ ಬಾಟಲಿಯ ಮುಚ್ಚಳ ತಿರುವುತ್ತಿದ್ದವನು ನಿಲ್ಲಿಸಿದ. "ಪುನ್ಹಾ ದಾಖವಾ," ಎಂದ. ಮತ್ತೆ ತೋರಿಸಿ ಎಂದರ್ಥ.

ಮುತ್ತುರಾಜ ಮತ್ತೆ ತೋರಿಸಿದ, ಇನ್ನೂ ಹುರುಪಿನಿಂದ.

ಸಂಜೀವಕುಮಾರ ಕೆಮ್ಮಿದ. ಆ ಕೆಮ್ಮಿನ ಅರ್ಥ ಕೋಣೆಯ ಗೋಡೆಗೂ ತಿಳಿಯಿತು. ಕಲ್ಮೇಶನಿಗೆ ತಿಳಿಯಲಿಲ್ಲ. ಪುಣೆಯ ಸಾಹೇಬರು ಮೆಚ್ಚಿದ್ದಾರೆಂದೇ ಅವನು ಅಂದುಕೊಂಡ.

"ಅದಕ್ಕ ಅಲ್ರೀ ಸರ್ ನಾವು ಇದನ್ನ ಆರಿಸಿದ್ದು! ನಂದೂ ಹಿಂಗ ಮೂರು ವರ್ಷ ಹಿಂದಕ್ಕ ಹಾಕೂದೈತಿ. ಮಾವಾರು ಹೇಳ್ಯಾರ."

ಗೋಡೆಯ ಮೇಲೆ ಬಲೂನುಗಳು ಹಾರುತ್ತಲೇ ಇದ್ದವು. ಮೂಲೆಯಲ್ಲಿ ಸುಮಂಗಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುವನೇಶ್ವರಿ ಕಲ್ಮೇಶನನ್ನೇ ನೋಡುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಕಂಪನಿಗೆ ಇವನಿಂದ ಆದ ಉಪಕಾರ ಇದೊಂದೇ, ಅದೂ ತಿಳಿಯದೆ ಮಾಡಿದ್ದು.

ಜೋಗಳೇಕರ ಸುಮಂಗಲಾಳನ್ನು ಕರೆದು ಅವಳ ಬೂದಿ ಬಣ್ಣದ ಪರದೆಯ ಮುಂದೆ ಊಟದ ಹೊತ್ತು ಮೀರುವವರೆಗೂ ಕೂತ. ಸಂಜೆ ಹೊರಡುವಾಗ ಹೇಳಿ ಹೋದ: ಸಾಫ್ಟ್‌ವೇರ್ ಇದೇ. ಎಲ್ಲರ ಹಕ್ಕಿನ ತಾರೀಖೂ ಒಂದೇ, ಬೋರ್ಡು ಒಪ್ಪಿದ ದಿನ. ದರವೂ ಒಂದೇ. ಎಂ.ಡಿ.ಯ ನೆಂಟರಿಗೆ ಇಲ್ಲ. ಇಲ್ಲವಾದರೆ ನಮ್ಮ ಹಣವೂ ಇಲ್ಲ. ಸಂಜೀವಕುಮಾರ ಕಾರಿನ ಬಾಗಿಲು ಹಿಡಿದುಕೊಂಡು ಹೌದ್ರಿ, ಹೌದ್ರಿ ಎಂದ.

ಕಾರಿನ ಧೂಳು ಅಡಗುವ ಮೊದಲೇ ಅವನು ಅವಳ ಕೋಣೆಗೆ ಬಂದ. "ಬೇಕಂತ ಮಾಡಿದ್ರಿ ನೀವು."

"ನಾನು ಒಂದು ಪ್ರಶ್ನೆ ಕೇಳಿದ್ನಿ. ಉತ್ತರಾ ಕೊಟ್ಟವರು ನಿಮ್ಮ ಮಂದಿ."

"ಉಪ್ಪುಂಡ ಮನಿಗೆ ಎರಡು ಬಗದ್ರಿ."

"ಉಪ್ಪು ನಿಮ್ಮ ತಂದಿಯವರದ್ರಿ. ನಿಮ್ಮದಿನ್ನೂ ತಿಂದಿಲ್ಲ."

ದೀಪಾವಳಿಗೆ ಮೊದಲೇ ಅವಳನ್ನು ಬಸವನ ಬಾಗೇವಾಡಿಯ ಡಿಪೋಗೆ ಹಾಕಿದರು, ‘ಉಸ್ತುವಾರಿ’ಗೆಂದು. ಗೊಬ್ಬರದ ಚೀಲಗಳ ನಡುವೆ ಒಂದು ಮೇಜು, ಮೇಲೆ ತಿರುಗದ ಫ್ಯಾನು. ತಾನಾಗಿ ಬಿಟ್ಟುಹೋಗಲಿ ಎಂಬ ಆಟ ಅದು. ಅವಳಿಗೆ ಆ ಆಟವೂ ಅಗ್ಗದ್ದೆನಿಸಿತು. ಕಂಪನಿ ಪುಣೆಯ ಹಣ ಪಡೆಯಿತು, ಹಕ್ಕುಗಳ ಪತ್ರ ಹಂಚಿತು. ಅವಳಿಗೂ ಒಂದು ಬಂತು, ಎಲ್ಲರಂತೆ, ಎಲ್ಲರ ತಾರೀಖಿನದು. ವರ್ಷ ತುಂಬುವುದರೊಳಗೆ ರಾಜೀನಾಮೆ ಕೊಟ್ಟಳು. ಸುಮಂಗಲಾಳ ಸಾಫ್ಟ್‌ವೇರ್ ಮುಲಾಜಿಲ್ಲದೆ ಅವಳ ಹಕ್ಕನ್ನು ರದ್ದು ಮಾಡಿತು. ಆ ನಿಯಮವನ್ನು ಬರೆದವಳು ತಾನೇ. ಮಾಡಿದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ. ಕಲ್ಮೇಶ ಇನ್ನೂ ಅದೇ ಕುರ್ಚಿಯಲ್ಲಿದ್ದಾನೆ, ತಾನಿಲ್ಲ, ಎಂಬುದಷ್ಟೇ ಕುಟುಕಿತು.

ಇಂಡಿಯಲ್ಲಿ ಸಣ್ಣದೊಂದು ಕಚೇರಿ ತೆರೆದಳು. ನಿಂಬೆ ವ್ಯಾಪಾರಿಗಳ ಲೆಕ್ಕ ಬರೆದುಕೊಟ್ಟಳು. ಅವರನ್ನೂ ಬೈದಳು, ಅವರು ಬೈಸಿಕೊಂಡೂ ಬಂದರು.

ಮೂರು ವರ್ಷ ತುಂಬಿದ ಮೇಲೆ ಒಂದು ಮಧ್ಯಾಹ್ನ ಪರಮಾನಂದ ಆ ಕಚೇರಿಗೆ ಬಂದ. ಕೂದಲು ನರೆತಿತ್ತು. ಸಂಗಡ ಹೆಂಡತಿ ಸೀತವ್ವನೂ ಬಂದಿದ್ದಳು.

"ಹಕ್ಕು ಮಾಗೇತ್ರಿ ಮ್ಯಾಡಮ್ಮಾರ. ಷೇರಿನ ಬೆಲಿ ಏರೇತಿ ಅಂತಾರ. ಕೊಳ್ಳಾಕ ಕೂಡಿಟ್ಟ ರೊಕ್ಕ ಐತಿ, ಇವಳು ಮಾತ್ರ ಬ್ಯಾಡಂತಾಳ."

"ಅಂಥಾ ಮಂದಿ ಕೈಯಾಗ ರೊಕ್ಕಾ ಹೆಂಗ ಇಡೂದ್ರಿ?" ಎಂದಳು ಸೀತವ್ವ. "ನೀವ ಬಿಟ್ಟು ಬಂದೀರಿ."

ಭುವನೇಶ್ವರಿ ಆ ಹೆಣ್ಣುಮಗಳನ್ನು ಒಂದು ಗಳಿಗೆ ನೋಡಿದಳು. ಡೋಣಿ ಸೀಡ್ಸ್‌ನ ಬೋರ್ಡಿನಲ್ಲಿ ಯಾರೂ ಇಷ್ಟು ನೇರವಾದ ಪ್ರಶ್ನೆ ಕೇಳಿದ್ದು ಅವಳಿಗೆ ನೆನಪಿರಲಿಲ್ಲ. ಎದ್ದು ಇಬ್ಬರಿಗೂ ನೀರು ಕೊಟ್ಟಳು.

"ನಿಮ್ಮ ಮಾತು ಖರೆ ಐತಿ. ಆ ಸಂಜೀವಕುಮಾರನ ಮಾರಿ ನೋಡಿ ಒಂದು ಚೀಲಾ ಹೊಟ್ಟು ಸೈತ ಕೊಳ್ಳಬ್ಯಾಡ್ರಿ," ಎಂದಳು. "ಆದ್ರ ಕಂಪನಿ ನಡದಿದ್ದು ಅವನ ಮಾರಿ ಮ್ಯಾಲ ಅಲ್ಲ, ಇವರ ತೊಗರಿ ಮ್ಯಾಲ. ಆ ತೊಗರಿ ಇನ್ನೂ ಹತ್ತು ವರ್ಷ ಹೊಲದಾಗ ನಿಂದರ್ತೈತೇನು, ಅದನ್ನ ನಿಮ್ಮ ಗಂಡಗ ಕೇಳ್ರಿ. ನನಗಲ್ಲ."

ಸೀತವ್ವ ಗಂಡನ ಕಡೆ ತಿರುಗಿದಳು. ಅವನು ನೀರಿನ ಲೋಟ ಕೆಳಗಿಟ್ಟು, ಗಿಡ ಕಾಯಿಯೇ ಕಟ್ಟದಂತೆ ಮಾಡಿದ ಈ ವರ್ಷದ ಗೊಡ್ಡುರೋಗದಲ್ಲಿ ತನ್ನ ತೊಗರಿ ಬಿತ್ತಿದ ಯಾವ ಯಾವ ಊರಿನ ಹೊಲ ಉಳಿದವು, ಯಾವುವು ಹೋದವು ಎಂದು ಹೇಳತೊಡಗಿದ.