ಅಂಗೈಯಲ್ಲಿ ಲಿಂಗ, ಎದೆಯಲ್ಲಿ ಗಂಟು

ಹದಿನೆಂಟನೆಯ ರೊಟ್ಟಿಯನ್ನು ಅರ್ಧ ಬಡಿದಿದ್ದ ಬಸವ್ವನ ಕೈ ಮತ್ತೆ ನಿಂತಿತು. ಸೆರಗು ಸರಿಮಾಡುವ ನೆಪದಲ್ಲಿ ಅವಳು ಎಡಗೈಯನ್ನು ಬಲ ಎದೆಯ ಪಕ್ಕಕ್ಕೆ ಒಯ್ದು ಒತ್ತಿ ನೋಡಿದಳು. ಇದೆ. ನಿನ್ನೆ ಇದ್ದಲ್ಲೇ ಇದೆ. ಹುಣಸೆಬೀಜದಷ್ಟು ದೊಡ್ಡದೊಂದು ಗಂಟು. ನೋವಿಲ್ಲ, ಉರಿಯಿಲ್ಲ.

"ಅಕ್ಕಾ, ಹಂಚು ಕಾದು ಕೆಂಪಗಾಯ್ತು. ರೊಟ್ಟಿ ಹಾಕ್ತೀಯೋ, ಇಲ್ಲ ನಾನೇ ಹತ್ತಿ ಕೂತ್ಕಳ್ಲೋ?" ಒಲೆಯ ಮುಂದಿದ್ದ ಲಿಂಗಮ್ಮ ಕೇಳಿದಳು.

ಲಿಂಗಮ್ಮ ಹೆಗ್ಗನಹಳ್ಳಿಯವಳು. ಒಂಬತ್ತು ವರ್ಷದಿಂದ ದಿನಾ ಬಸ್ಸು ಹಿಡಿದು ಆರ್‌ಪಿಸಿ ಲೇಔಟಿನ ಈ ಮನೆಗೆ ಬರುತ್ತಾಳೆ. ಬಸವ್ವ ಜೋಳದ ರೊಟ್ಟಿ ಬಡಿದರೆ ಅವಳು ಬೇಯಿಸುತ್ತಾಳೆ. ಮಧ್ಯಾಹ್ನದೊಳಗೆ ಇನ್ನೂರು ರೊಟ್ಟಿ ಖಾನಾವಳಿಗೆ ಹೋಗಬೇಕು. ಹುಟ್ಟಿದಾಗಿನಿಂದ ಮುದ್ದೆ ನುಂಗಿ ಬೆಳೆದ ಲಿಂಗಮ್ಮ, "ನಿಮ್ಮ ರೊಟ್ಟಿ ತಿಂದ್ರೆ ದವಡೆಗೆ ಡ್ಯೂಟಿ, ನಮ್ಮ ಮುದ್ದೆ ತಿಂದ್ರೆ ದವಡೆಗೆ ರಜಾ" ಎಂದು ಇವತ್ತಿಗೂ ಛೇಡಿಸುತ್ತಾಳೆ. ಬಸವ್ವನಿಗೆ ಅವಳಿಲ್ಲದೆ ಬೆಳಗಾಗುವುದಿಲ್ಲ. ಆದರೂ ಈ ಗಂಟಿನ ವಿಷಯ ಅವಳಿಗೂ ಹೇಳಿರಲಿಲ್ಲ.

ಸ್ನಾನ ಮಾಡುವಾಗ ಗಂಟು ಕೈಗೆ ಸಿಕ್ಕಿ ಇಪ್ಪತ್ತೆರಡು ದಿನವಾಗಿತ್ತು. ಬಸವ್ವ ರೋಗಕ್ಕೆ ಅಂಜಿ ಬಾಯಿ ಮುಚ್ಚಿಕೊಂಡಿರಲಿಲ್ಲ. ಅವಳ ಅಂಜಿಕೆ ಬೇರೆಯದು. ಗಂಡನಿಗೆ ಹೇಳಿದರೆ ಆಸ್ಪತ್ರೆ, ಆಸ್ಪತ್ರೆಗೆ ಹೋದರೆ ಸ್ಕ್ಯಾನು, ಸ್ಕ್ಯಾನ್ ಎಂದರೆ ಕೊರಳಿನ ಲಿಂಗ ಬಿಚ್ಚು ಅನ್ನುತ್ತಾರೆ.

ಹೋದ ವರ್ಷ ಗಂಡ ಪಂಚಾಕ್ಷರಿಯವರಿಗೆ ಸೊಂಟ ಹಿಡಿದಾಗ ಹಾಗೇ ಆಗಿತ್ತು. ಎಂಆರ್‌ಐ ಕೋಣೆಯ ಬಾಗಿಲಲ್ಲಿ ನಿಲ್ಲಿಸಿ, ಶಿವದಾರದ ಸಮೇತ ಲಿಂಗವಿರುವ ಬೆಳ್ಳಿಯ ಕರಡಿಗೆಯನ್ನು ಬಿಚ್ಚಿಸಿದ್ದರು. ಅದನ್ನು ಬಸವ್ವನ ಕೈಗಿತ್ತು ಒಳಗೆ ಹೋದ ಅವರು ಹೊರಗೆ ಬಂದಮೇಲೆ ಅವತ್ತಿಡೀ ಊಟ ಮಾಡಲಿಲ್ಲ, ಮಾತೂ ಆಡಲಿಲ್ಲ. ಲಿಂಗ ಮೈಬಿಟ್ಟ ಸಂಕಟ ಎಂದೇ ಬಸವ್ವ ತಿಳಿದಿದ್ದಳು. ಅವಳ ಲಿಂಗ ಎಂಟನೆಯ ವಯಸ್ಸಿನಲ್ಲಿ ರಾಣೆಬೆನ್ನೂರಿನಲ್ಲಿ ಗುರುಗಳು ಕಟ್ಟಿದ್ದು. ಎರಡು ಹೆರಿಗೆಯಲ್ಲೂ ಕೊರಳಿನಿಂದ ಇಳಿದಿರಲಿಲ್ಲ. ನೋವಿಲ್ಲದ ಗಂಟಿಗೋಸ್ಕರ ಅದನ್ನು ಬಿಚ್ಚುವುದೆಂದರೇನು?

ಅಷ್ಟರಲ್ಲಿ ಮಹಡಿಯ ಮೆಟ್ಟಿಲಿಳಿದು ರಕ್ಷಾ ಬಂದಳು. ಮೇಲಿನ ಮನೆಯ ಬಾಡಿಗೆಯ ಹುಡುಗಿ. ರಾಜರಾಜೇಶ್ವರಿನಗರದ ಒಂದು ಸಣ್ಣ ಪ್ರಯೋಗಾಲಯದಲ್ಲಿ ಯಂತ್ರ ತಯಾರಿಸುವ ಕೆಲಸ ಅವಳದು. ಕೈಯಲ್ಲೊಂದು ರಟ್ಟಿನ ಡಬ್ಬ ಇತ್ತು.

"ಆಂಟಿ, ಹುಷಾರಿದೀರಾ? ದಿನಾ ನಿಮ್ಮ ರೊಟ್ಟಿ ಸದ್ದಿಗೇ ನಾನು ಏಳೋದು. ಒಂದು ವಾರದಿಂದ ಸದ್ದು ನಿಂತು ನಿಂತು ಬರ್ತಿದೆ."

"ವಯಸ್ಸಾತವ್ವಾ. ಕೈ ಸೋಲ್ತಾವು," ಎಂದಳು ಬಸವ್ವ. "ಅದೇನು ಡಬ್ಬಿ?"

ರಕ್ಷಾ ಡಬ್ಬ ತೆರೆದಳು. ಎರಡು ಬಟ್ಟಲನ್ನು ಮುಖಕ್ಕೆ ಮುಖ ಹಿಡಿಸಿ ನಿಲ್ಲಿಸಿದಂಥ ಒಂದು ಯಂತ್ರ. ಬಟ್ಟಲುಗಳ ಒಳಮೈ ತುಂಬ ಗುಂಡಿಯಷ್ಟಷ್ಟೇ ಸ್ಪೀಕರುಗಳು. ಸ್ವಿಚ್ ಹಾಕಿ, ಒಂದು ಚಿಕ್ಕ ಥರ್ಮೋಕೋಲ್ ಗುಂಡನ್ನು ಚಿಮಟದಲ್ಲಿ ಹಿಡಿದು ನಡುವೆ ಬಿಟ್ಟಳು. ಗುಂಡು ಬೀಳಲಿಲ್ಲ. ಕೆಳಗೆ ಆಸರೆಯಿಲ್ಲ, ಮೇಲೆ ದಾರವಿಲ್ಲ, ಗಾಳಿಯಲ್ಲಿ ಸುಮ್ಮನೆ ನಿಂತಿತು.

ಲಿಂಗಮ್ಮ ಬೆರಳಿನಿಂದ ಮೇಲೊಂದು ಸಲ, ಕೆಳಗೊಂದು ಸಲ ಗಾಳಿ ಸವರಿದಳು. "ಏನು ಮಾಟ ಇದು?"

"ಮಾಟ ಅಲ್ಲ, ಸದ್ದು. ನಮ್ಮ ಕಿವಿಗೆ ಕೇಳಿಸದಷ್ಟು ಕೀರಲು ಸದ್ದು. ಎರಡೂ ಕಡೆಯಿಂದ ಒತ್ತಿ ಹಿಡಿದಿದೆ. ಆಕಾಶದಾಚೆ ಭಾರವೇ ಗೊತ್ತಾಗದ ಕಡೆ, ಕರಗಿಸಿದ ಗಾಜು, ಲೋಹ ಎಲ್ಲ ಪಾತ್ರೆಗೆ ತಾಗದ ಹಾಗೆ ಹೀಗೇ ಹಿಡಿಯಬಹುದು. ಪಾತ್ರೆಗೆ ತಾಗದಿದ್ರೆ ಅದರ ಕೊಳೆ ಸೇರಲ್ಲ, ವಸ್ತು ಶುದ್ಧವಾಗಿ ಬರುತ್ತೆ. ಅದಕ್ಕೆ ನಾವು ಇಲ್ಲಿ ಮಾದರಿ ಮಾಡಿ ನೋಡ್ತಾ ಇದೀವಿ."

"ಭಾರ ಇಲ್ದಿರೋ ಊರಾ? ನನ್ನನ್ನೂ ಕಳ್ಸು ತಾಯಿ. ಮಂಡಿ ನೋವಾದ್ರೂ ಹೋಗ್ತದೆ," ಎಂದಳು ಲಿಂಗಮ್ಮ.

"ನೀ ಹೋದ್ರ ಅಲ್ಲೂ ಭಾರ ಬರ್ತೈತಿ," ಎಂದಳು ಬಸವ್ವ.

ಮೂವರೂ ನಕ್ಕರು. ರಕ್ಷಾ ಗುಂಡನ್ನು ನೋಡುತ್ತಲೇ ಅಂದಳು: "ಡಾಕ್ಟರ್ ಮಾಡೋ ಅಲ್ಟ್ರಾಸೌಂಡ್ ಸ್ಕ್ಯಾನೂ ಇಂಥದೇ ಸದ್ದಿನ ಕೆಲಸ ಆಂಟಿ. ಇದಕ್ಕಿಂತ ತುಂಬಾ ಕೀರಲು. ಮೈಯೊಳಗೆ ಹೋಗಿ ತಾಗಿ ವಾಪಸ್ ಬರುತ್ತೆ, ಅದರಿಂದ ಚಿತ್ರ ಬರುತ್ತೆ. ನೀವು ಹಿಟ್ಟಿನ ಡಬ್ಬಿ ಮುಚ್ಚಳ ತೆಗೀದೆ ಬಡಿದು ನೋಡ್ತೀರಲ್ಲ, ಎಷ್ಟಿದೆ ಅಂತ? ಹಾಗೆ."

ಬಸವ್ವನ ಮುಖದ ನಗು ಆರಿತು. ಸ್ವಲ್ಪ ಹೊತ್ತು ಹಿಟ್ಟು ನಾದಿದಳು. ಆಮೇಲೆ ತಲೆ ಎತ್ತದೆ ಕೇಳಿದಳು.

"ಅದಕ್ಕ... ಕೊರಳಾಗಿಂದು ಬಿಚ್ಚಬೇಕಲ್ಲ?"

"ಯಾಕೆ ಬಿಚ್ಚಬೇಕು?"

"ಇವರಿಗೆ ಬಿಚ್ಚಿಸಿದ್ರಲ್ಲ."

"ಅಂಕಲ್‌ಗೆ ಮಾಡಿದ್ದು ಅಯಸ್ಕಾಂತದ ಯಂತ್ರ ಆಂಟಿ. ಅದರ ಹತ್ರ ಲೋಹ ಇರಬಾರದು. ಸದ್ದಿಗೆ ನಿಮ್ಮ ಬೆಳ್ಳಿಯಿಂದ ಏನಾಗ್ಬೇಕು? ನೋಡೋ ಜಾಗದಿಂದ ಸ್ವಲ್ಪ ಸರಿಸಿದ್ರೆ ಸಾಕು." ಮಾತು ಮುಗಿಸಿದಮೇಲೆ ರಕ್ಷಾಗೆ ಏನೋ ಹೊಳೆಯಿತು. "ಆಂಟಿ, ಯಾರಿಗೆ ಸ್ಕ್ಯಾನು?"

ಬಸವ್ವ ಹೇಳಿದಳು. ಹೇಳಿ ಮುಗಿಯುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಲಾಗಿತ್ತು.

"ಇಪ್ಪತ್ತೆರಡು ದಿನ," ಎಂದಳು ಲಿಂಗಮ್ಮ. "ನನ್ ಪಕ್ಕದಲ್ಲೇ ಕೂತು, ನನ್ ಜೊತೆ ಉಂಡು, ಇಪ್ಪತ್ತೆರಡು ದಿನ." ಅವಳ ಕಣ್ಣು ತುಂಬಿತ್ತು. ಆದರೆ ಕಣ್ಣೊರೆಸಿಕೊಂಡು ಅಂದದ್ದು ಬೇರೆ. "ನೋವಿಲ್ಲ ಅಂತೀಯ. ಹಂಗಾದ್ರೆ ಬಿಟ್ಬಿಡಕ್ಕ. ಕೆದಕಿದ್ರೆ ದೊಡ್ದಾಗ್ತದಂತೆ. ಆ ಮಿಷನ್ ಕಿರಣ ಬಿದ್ರೆ ಮೈಯೆಲ್ಲಾ ಹರಡ್ತದಂತೆ."

"ಹಾಗೆಲ್ಲ ಏನೂ ಇಲ್ಲ ಲಿಂಗಮ್ಮಕ್ಕ. ಇದರಲ್ಲಿ ಕಿರಣವೇ ಇಲ್ಲ. ಹೊಟ್ಟೇಲಿರೋ ಮಗೂನೂ ಇದರಲ್ಲೇ ನೋಡೋದು. ನೋಡಿದ್ದಕ್ಕೆ ಯಾವ ಗಂಟೂ ಹರಡಲ್ಲ. ನೋವಿಲ್ಲ ಅಂತ ಬಿಡೋ ಹಾಗೂ ಇಲ್ಲ. ಕೆಟ್ಟ ಗಂಟು ಎಷ್ಟೋ ಸಲ ಮೊದಮೊದಲು ನೋಯೋದೇ ಇಲ್ಲ. ಹಾಗಂತ ಗಂಟೆಲ್ಲ ಕ್ಯಾನ್ಸರ್ ಅಲ್ಲ. ಬಹಳಷ್ಟು ಅಲ್ಲವೇ ಅಲ್ಲ. ಯಾವುದು ಎಂಥದು ಅಂತ ಡಾಕ್ಟರ್ ನೋಡಿ ಹೇಳ್ಬೇಕು."

ಲಿಂಗಮ್ಮ ಬಟ್ಟಲುಗಳ ನಡುವೆ ಇನ್ನೂ ನಿಂತೇ ಇದ್ದ ಬಿಳಿ ಗುಂಡನ್ನು ನೋಡಿದಳು. ನಂತರ ಒಲೆ ಆರಿಸಿದಳು. "ಇವತ್ತು ಖಾನಾವಳಿಯೋರು ಅನ್ನ ಉಣ್ಲಿ. ಏಳಕ್ಕಾ, ಭಾವಂಗೆ ಹೇಳು. ಇಲ್ಲಾಂದ್ರೆ ನಾನೇ ಹೇಳ್ತೀನಿ."

ಪಂಚಾಕ್ಷರಿಯವರು ಪೇಪರ್ ಮಡಚಿಟ್ಟು ಎಲ್ಲ ಕೇಳಿಸಿಕೊಂಡರು. ಬೈಯಲಿಲ್ಲ. ಅಂಗಿ ಹಾಕಿಕೊಳ್ಳಲು ಎದ್ದವರು ಬಾಗಿಲಲ್ಲಿ ನಿಂತರು.

"ಲಿಂಗದ ಸಲುವಾಗಿ ಹೇಳಲಿಲ್ಲೇನು?"

"ಅವತ್ತು ನೀವು ಊಟ ಬಿಟ್ಟಿದ್ರಲ್ಲ."

"ಅಯ್ಯ ಹುಚ್ಚಿ. ಆ ಯಂತ್ರದ ಗದ್ದಲಕ್ಕ ತಲಿ ಹಿಡಿದಿತ್ತು. ಲಿಂಗ ನಿನ್ನ ಕೈಯಾಗಿತ್ತು. ಅದರ ಚಿಂತಿ ನಂಗೆಲ್ಲಿತ್ತು?"

ಒಂದು ವರ್ಷದಿಂದ ತಾನು ಹೊತ್ತಿದ್ದ ಸಂಕಟ ಅವರದಾಗಿರಲೇ ಇಲ್ಲ ಎಂದು ಬಸವ್ವನಿಗೆ ಆಗ ತಿಳಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರ್ ಸೌಮ್ಯಶ್ರೀ ಮೊದಲು ಕೈಯಿಂದ ಮುಟ್ಟಿ ನೋಡಿದರು. ಎರಡೂ ಎದೆ, ಎರಡೂ ಕಂಕುಳು. ಆಮೇಲೆ ಸ್ಕ್ಯಾನ್ ಕೋಣೆಗೆ ಕರೆದೊಯ್ದು ಮಲಗಿಸಿದರು. ಕೋಣೆಯಲ್ಲಿ ಇದ್ದವರೆಲ್ಲ ಹೆಂಗಸರೇ.

"ಬಲಗೈ ತಲೆ ಮೇಲೆ ಇಟ್ಕೊಳ್ಳಿ ಅಮ್ಮಾ. ಇದು ಕೊರಳಲ್ಲೇ ಇರಲಿ, ಎಡಗಡೆ ಸ್ವಲ್ಪ ಸರಿಸಿ."

ಬಸವ್ವ ಕರಡಿಗೆಯನ್ನು ಸರಿಸಿ, ದಿನಾ ಪೂಜೆಯಲ್ಲಿ ಹಿಡಿಯುವ ಹಾಗೆ ಎಡ ಅಂಗೈಯಲ್ಲಿಟ್ಟುಕೊಂಡಳು. ಎದೆಗೆ ತಣ್ಣನೆಯ ಜೆಲ್ ತಾಗಿತು. ಇಸ್ತ್ರಿಪೆಟ್ಟಿಗೆಯಂತೆ ನಯವಾದದ್ದೊಂದು ಮೆಲ್ಲಗೆ ಓಡಾಡಿತು. ನೋವಾಗಲಿಲ್ಲ. ಪರದೆಯ ಮೇಲೆ ಬೂದುಬಣ್ಣದ ಮೋಡದ ನಡುವೆ ಒಂದು ಕಪ್ಪು ಕಾಳು ಕಾಣಿಸಿತು. ಇಪ್ಪತ್ತೆರಡು ದಿನ ಬೆರಳಿಗಷ್ಟೇ ಗೊತ್ತಿದ್ದದ್ದು ಈಗ ಕಣ್ಣೆದುರಿಗಿತ್ತು. ಕಾಣದಿದ್ದಾಗ ಅದು ಮನಸ್ಸಿನಲ್ಲಿ ಇದಕ್ಕಿಂತ ಎಷ್ಟೋ ದೊಡ್ಡದಾಗಿತ್ತು.

"ಇದು ನೀರಿನ ಗುಳ್ಳೆ ಅಲ್ಲ ಅಮ್ಮಾ, ಗಟ್ಟಿ ಗಂಟು," ಎಂದರು ಡಾಕ್ಟರ್. "ಅಂಚು ನಯವಾಗಿದೆ, ಅದು ಒಳ್ಳೆಯ ಲಕ್ಷಣ. ಆದರೆ ಇದೊಂದನ್ನೇ ನೋಡಿ ನಾನು ಖಚಿತ ಹೇಳಬಾರದು. ಮ್ಯಾಮೊಗ್ರಾಮ್ ಮಾಡಬೇಕು, ಆಮೇಲೆ ಸೂಜಿಯಲ್ಲಿ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಬೇಕು. ನಾಳೆ ಬರ್ತೀರಾ?" ಕರಡಿಗೆಯತ್ತ ನೋಡಿ ಸೇರಿಸಿದರು. "ಮ್ಯಾಮೊಗ್ರಾಮ್ ಅಂದ್ರೆ ಎಕ್ಸ್-ರೇ. ಅದಕ್ಕೆ ಮಾತ್ರ ಕೊರಳು ಖಾಲಿ ಇರಬೇಕಾಗುತ್ತೆ. ಹತ್ತು ಹದಿನೈದು ನಿಮಿಷ. ಯೋಚನೆ ಮಾಡಿ ಹೇಳಿ."

ಮನೆಗೆ ಬರುವಷ್ಟರಲ್ಲಿ ಲಿಂಗಮ್ಮ ಮುದ್ದೆ ಮಾಡಿಟ್ಟು ಕಾದಿದ್ದಳು. "ಇವತ್ತು ದವಡೆಗೆ ರಜಾ ಕೊಡಕ್ಕಾ," ಎಂದು ಬಡಿಸಿದಳು. ನಾಳೆ ತಾನೂ ಜೊತೆಗೆ ಬರುವುದಾಗಿ ಹೇಳಿ, ಹಾಗೇ ಪರೀಕ್ಷೆಗೆ ತನ್ನ ಹೆಸರನ್ನೂ ಬರೆಸಬಹುದೇ ಎಂದು ಅಲ್ಲೇ ಇದ್ದ ರಕ್ಷಾಳನ್ನು ಮೆಲ್ಲಗೆ ಕೇಳಿದಳು.

ಊಟದ ನಂತರ ಬಸವ್ವ ರೊಟ್ಟಿ ಬಡಿಯುವ ಹಲಗೆ ತೊಳೆದು ಗೋಡೆಗೆ ಒರಗಿಸಿದಳು. ಅಡುಗೆಮನೆಯ ಕಟ್ಟೆಯ ಮೇಲೆ ರಕ್ಷಾ ಮರೆತುಹೋದ ಯಂತ್ರವಿತ್ತು. ಬೆಳಿಗ್ಗೆ ಯಾವ ಕೈಯೂ ಮುಟ್ಟದೆ ನಿಂತಿದ್ದ, ಬೀಳದೆ ಉಳಿದಿದ್ದ ಬಿಳಿ ಗುಂಡು ನೆನಪಾಯಿತು. ಹೊರಗೆ ಪಂಚಾಕ್ಷರಿಯವರು ಕುರ್ಚಿಯಲ್ಲಿ ಕುಳಿತಿದ್ದರು, ಎರಡು ಕೈಯನ್ನೂ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು. ಬಸವ್ವ ಆ ಕೈಗಳನ್ನು ಸ್ವಲ್ಪ ಹೊತ್ತು ನೋಡಿದಳು. ಹೋದ ವರ್ಷ ಅವರ ಲಿಂಗವನ್ನು ಕಾದದ್ದು ತನ್ನ ಕೈ. ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡು, ನಾಳೆಗೆ ಏನು ಮಾಡಬೇಕೆಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದಳು. ಯಾರಿಗೂ ಹೇಳಲಿಲ್ಲ.

ಇದನ್ನು ಓದುತ್ತಿರುವ ಅಕ್ಕಾ, ಅಂಥ ತೀರ್ಮಾನಗಳನ್ನು ನೀವೂ ಯಾರಿಗೂ ಹೇಳಬೇಕಾಗಿಲ್ಲ, ಅವು ನಿಮ್ಮವು. ಆದರೆ ಗಂಟನ್ನು ಮಾತ್ರ ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಸ್ನಾನ ಮಾಡುವಾಗ ಕೈಗೆ ಹೊಸದೇನಾದರೂ ಸಿಕ್ಕರೆ, ನೋವಿರಲಿ ಇಲ್ಲದಿರಲಿ, ಆ ವಾರವೇ ಡಾಕ್ಟರಿಗೆ ತೋರಿಸಿ. ಮೈಮೇಲಿನ ತಾಳಿಯೋ ಲಿಂಗವೋ ತಾಯಿತವೋ ನಿಮ್ಮನ್ನು ತಡೆಯುತ್ತಿದ್ದರೆ, ಅದನ್ನೂ ಸಂಕೋಚಪಡದೆ ಕೇಳಿ. ಲಿಂಗಮ್ಮನಂತೆ ನಿಮ್ಮ ಪಕ್ಕ ಕೂರುವವಳೊಬ್ಬಳು ಕಾಯುತ್ತಿದ್ದಾಳೆ. ಅವಳಿಗೆ ಇವತ್ತೇ ಹೇಳಿ.