ಹಲಗೆಯ ಮೇಲೆ ತಲೆಕೆಳಗೆ

ಹಲಗೆ ಕಿರ್ರ್ ಎಂದಿತು.

ಸಣ್ಣ ಸದ್ದು. ಹಗಲಾಗಿದ್ದರೆ ಬೀದಿಯ ಗದ್ದಲದಲ್ಲಿ ನನಗೇ ಕೇಳಿಸುತ್ತಿರಲಿಲ್ಲ. ಮನೆಯೆಲ್ಲ ಮಲಗಿದ ಮೇಲೆ, ಕೆಳಗಿನ ಗೋದಾಮಿನಲ್ಲಿ, ಅದು ಕಳ್ಳನ ಹೆಜ್ಜೆಯ ಹಾಗೆ ಕೇಳಿಸಿತು. ಉಸಿರು ಬಿಗಿಹಿಡಿದು ಮೇಲಕ್ಕೆ ಕಿವಿಗೊಟ್ಟೆ. ಅತ್ತೆಯ ಕೋಣೆ ನೇರ ನನ್ನ ತಲೆಯ ಮೇಲೇ ಇದೆ. ಯಾರೂ ಎದ್ದ ಹಾಗಿರಲಿಲ್ಲ.

ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ಹಲಗೆಯನ್ನು ನಿಧಾನವಾಗಿ ಮರದ ಪೆಟ್ಟಿಗೆಯ ಮೇಲೆ ವಾಲಿಸಿ, ಸಾಮಾನಿಗೆ ಸುತ್ತುವ ಕಂಬಳಿಯನ್ನು ಅದರ ಮೇಲೆ ಹಾಸಿದ್ದೆ. ಇನ್ನು ಕಾಲು ಮೇಲೆ, ತಲೆ ಕೆಳಗೆ ಮಾಡಿ ಮಲಗುವುದೊಂದೇ ಬಾಕಿ. ತಡೆಯುತ್ತದೋ ಇಲ್ಲವೋ ಎಂದು ಅಂಗೈಯಿಂದ ಒತ್ತಿ ನೋಡಿದಾಗ ಬಂದ ಸದ್ದು ಅದು.

ನನ್ನ ಹೊಟ್ಟೆಯೊಳಗಿನ ಮಗು ಕುಳಿತುಬಿಟ್ಟಿತ್ತು. ದಿನ ತುಂಬುತ್ತ ಬಂದಿದ್ದರೂ ತಲೆ ಕೆಳಗೆ ಮಾಡುವ ಯೋಚನೆಯೇ ಅದಕ್ಕಿರಲಿಲ್ಲ. ತಲೆಯನ್ನು ನನ್ನ ಪಕ್ಕೆಲುಬಿಗೆ ಆನಿಸಿಕೊಂಡು, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕವರ ಹಾಗೆ ಹಾಯಾಗಿ ಕುಳಿತಿತ್ತು. ಊಟ ಮಾಡಿದರೆ ಒಳಗಿನಿಂದ ಒಂದು ಗುದ್ದು, ಬಗ್ಗಿದರೆ ಇನ್ನೊಂದು. ಏಳುವ ಲಕ್ಷಣ ಮಾತ್ರ ಇಲ್ಲ.

ಮನೆ ಸಾಮಾನು ಸಾಗಿಸುವುದು ನಮ್ಮ ಕಸುಬು. ಕೆಳಗೆ ಗೋದಾಮು, ಅಂಗಳದಲ್ಲಿ ಲಾರಿ, ಮೇಲೆ ಮನೆ. ಮಾವ ತೀರಿಕೊಂಡ ಮೇಲೆ ಎಲ್ಲವೂ ಅತ್ತೆಯ ಕೈಯಲ್ಲಿದೆ. ಸಾಮಾನು ಹೊರುವವರಿಗೆಲ್ಲ ಅವರು ಯಜಮಾನಿ. ಲಾರಿ ಓಡಿಸುವುದು ನನ್ನ ಗಂಡ. ನನ್ನ ಕೆಲಸ ಇವರೆಲ್ಲರಿಗಿಂತ ಮೊದಲು ಸಾಮಾನು ಸಾಗಿಸಬೇಕಾದ ಮನೆಗೆ ಹೋಗಿ ಬಾಗಿಲು, ಮೆಟ್ಟಿಲು, ಸೋಫಾ, ಬೀರು ಎಲ್ಲ ಅಳೆದು, ಯಾವುದು ಇಡಿಯಾಗಿ ಹೊರಬರುತ್ತದೆ, ಯಾವುದನ್ನು ಬಿಚ್ಚಬೇಕು ಎಂದು ಹೇಳುವುದು. ಕಾಲೇಜು ಓದಿದವಳು ಟೇಪು ಹಿಡಿದು ನಿಂತಾಗ ಹೊರುವವರು ಮುಸಿಮುಸಿ ನಕ್ಕು ಟೇಪಮ್ಮ ಎಂದು ಹೆಸರಿಟ್ಟರು. ಹೆಸರು ಮೇಲಿನ ಮಹಡಿಗೂ ಹತ್ತಿತು. ನಾನು ಸ್ವಭಾವದಿಂದಲೇ ಅಳುಕಿನವಳು. ಒಮ್ಮೆ ಅಳೆದದ್ದನ್ನು ಇನ್ನೊಮ್ಮೆ ಅಳೆಯುತ್ತೇನೆ, ಬೀಗ ಹಾಕಿ ಬೀದಿಗಿಳಿದ ಮೇಲೆ ವಾಪಸು ಹೋಗಿ ಮತ್ತೆ ಅಳೆಯುತ್ತೇನೆ.

ಅತ್ತೆಯ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಮೆಟ್ಟಿಲಿನ ತಿರುವಿನಲ್ಲಿ ಬೀರು ಸಿಕ್ಕಿಕೊಂಡರೆ ಯಾರೂ ಬಲ ಹಾಕಕೂಡದು. ತಳ್ಳಿದರೆ ಗೋಡೆಯೂ ಹೋಯಿತು, ಬೀರೂ ಹೋಯಿತು. ಸುಮ್ಮನೆ ಬಿಚ್ಚಬೇಕು. ಸಾಮಾನಿನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಮಾತಿಲ್ಲ. ಆದರೆ ಸ್ಕ್ಯಾನ್ ನೋಡಿದ ದಿನ ಅವರು ಅದೇ ಕಟ್ಟಳೆಯನ್ನು ನನ್ನ ಮೇಲೂ ಹೊರಿಸಿದರು. ಟೀ ಬಸಿಯುತ್ತ, ನನ್ನ ಕಡೆ ತಿರುಗದೆ, ಆಪರೇಷನ್ನಿಗೆ ಮುಂದಿನ ವಾರದ ಶುಕ್ರವಾರ ಗೊತ್ತು ಮಾಡಿದ್ದೇನೆ ಎಂದರು. ಯಾಕೆ ಶುಕ್ರವಾರ ಎಂದರೆ, ಆವತ್ತು ಲಾರಿ ಖಾಲಿ ಇತ್ತು.

ಆಪರೇಷನ್ನಿನ ಬಗ್ಗೆ ನನ್ನ ತಕರಾರಿರಲಿಲ್ಲ. ಅದು ಬೇಕೇ ಬೇಕೆಂದಾದರೆ ಮಲಗಲು ನಾನು ಸಿದ್ಧ. ಆದರೆ ಅದಕ್ಕೆ ಮೊದಲು ಹೊರಗಿನಿಂದ ಕೈಯಲ್ಲೇ ಮಗುವನ್ನು ತಿರುಗಿಸಿ ನೋಡಬಹುದು, ಸುಮಾರು ಅರ್ಧದಷ್ಟು ಸಲ ಆಗುತ್ತದೆ, ಆಗದಿದ್ದರೆ ನಷ್ಟವೇನಿಲ್ಲ ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು. ಹೊಟ್ಟೆ ನನ್ನದು. ಲಾರಿಯ ಬಿಡುವು ನೋಡಿ ಅದಕ್ಕೆ ದಿನ ಇಡುವುದು ನನಗೆ ಸರಿಬರಲಿಲ್ಲ.

“ಅತ್ತೆ, ಆ ಶುಕ್ರವಾರಕ್ಕೆ ನಾನಿನ್ನೂ ಹೂಂ ಅಂದಿಲ್ಲ. ಮೊದಲು ಡಾಕ್ಟ್ರು ಮಗೂನ ತಿರುಗಿಸಿ ನೋಡ್ಲಿ.”

ಟೀ ಸೋಸುವ ಜಾಲರಿ ಎತ್ತಿದ ಕೈಯಲ್ಲೇ ನಿಂತಿತು. ಈ ಮನೆಗೆ ಬಂದಂದಿನಿಂದ ನಾನು ಅವರಿಗೆ ಎದುರಾಡಿದವಳಲ್ಲ. ಗಂಡ ಬಿಸ್ಕತ್ತನ್ನು ಟೀಯಲ್ಲಿ ಅದ್ದಿದವನು ತೆಗೆಯಲು ಮರೆತ.

“ತಿರುಗಿಸೋಕೆ ಅದೇನು ನೀರಿನ ಡ್ರಮ್ಮಾ?” ಅತ್ತೆ ಗದ್ದದಿಂದಲೇ ಮಗನನ್ನು ತೋರಿಸಿದರು. “ಇವನೂ ಕಾಲು ಮುಂದೆ ಮಾಡ್ಕೊಂಡೇ ಬಂದವನು. ಅದಕ್ಕೇ ಇವತ್ತಿಗೂ ಲಾರಿನ ರಿವರ್ಸಲ್ಲೇ ಚೆನ್ನಾಗಿ ಓಡಿಸ್ತಾನೆ. ನಾನು ಪಟ್ಟಿದ್ದು ಸಾಕು. ನೀನು ಪಡೋದು ಬೇಡ.”

ಮಾತಿನ ಮೊದಲ ಭಾಗ ತಮಾಷೆಯಾಗಿತ್ತು, ಕೊನೆಯ ಭಾಗ ಆಗಿರಲಿಲ್ಲ. ಅದು ನನಗೆ ಗೊತ್ತಾಯಿತು. ಆದರೂ ಡಾಕ್ಟರಿಗೆ ಒಪ್ಪಿಗೆ ಕೊಟ್ಟು ಬಂದಿದ್ದೇನೆ ಎಂದೆ. ಅಷ್ಟರಲ್ಲಿ ಬಿಸ್ಕತ್ತು ಲೋಟದೊಳಗೆ ಮುಳುಗಿತು.

ಸುದ್ದಿ ಗೋದಾಮಿಗೆ ಇಳಿದ ಮೇಲೆ ಸಲಹೆಗಳ ಸುರಿಮಳೆಯಾಯಿತು. ಹೊರುವವರಲ್ಲಿ ಹಿರಿಯನಾದ ಮೇಸ್ತ್ರಿ, ಹೊಟ್ಟೆಯ ಕೆಳಗೆ ರೇಡಿಯೋ ಇಟ್ಟರೆ ಮಗು ಕೇಳಲು ಬಗ್ಗುತ್ತದೆ ಎಂದ. ಯಾವ ಸ್ಟೇಷನ್ ಎಂದು ಇನ್ನೊಬ್ಬ ಕೇಳಿದ. ಗಂಡ ರಾತ್ರಿ ನನ್ನ ಹೊಟ್ಟೆಗೆ ಬಾಯಿಟ್ಟು, ಇಕ್ಕಟ್ಟಿನ ಗಲ್ಲಿಯಲ್ಲಿ ಲಾರಿಗೆ ದಾರಿ ತೋರಿಸುವ ದನಿಯಲ್ಲಿ, ಎಡಕ್ಕೆ ಎಡಕ್ಕೆ, ಇನ್ನೂ ಎಡಕ್ಕೆ ಎಂದು ಕೂಗಿದ. ಮಗು ಒಂದು ಒದೆ ಕೊಟ್ಟು ಸುಮ್ಮನಾಯಿತು.

ಆಸ್ಪತ್ರೆಗೆ ಹೋಗುವ ಬೆಳಿಗ್ಗೆ ಅತ್ತೆ ಯಾರೂ ಕರೆಯದೆ ಚಪ್ಪಲಿ ಮೆಟ್ಟಿ ಲಾರಿಯಲ್ಲಿ ಕುಳಿತಿದ್ದರು. ಒಳಗೆ ನನಗೆ ಗರ್ಭಕೋಶ ಸಡಿಲವಾಗಲು ಒಂದು ಇಂಜೆಕ್ಷನ್ ಕೊಟ್ಟರು. ಮಗುವಿನ ಎದೆಬಡಿತ ಓಡುವ ಕುದುರೆಯ ಹಾಗೆ ಕೋಣೆಯನ್ನೆಲ್ಲ ತುಂಬಿತು. ಡಾಕ್ಟರಿಗೆ ನನ್ನದೇ ವಯಸ್ಸು. ಗಟ್ಟಿ ಮಣಿಕಟ್ಟು, ಬೆಚ್ಚಗಿನ ಕೈ. ಒಂದು ಕೈ ಮಗುವಿನ ತಲೆಯ ಹಿಂದೆ, ಒಂದು ಕೈ ಕುಂಡೆಯ ಕೆಳಗೆ ಇಟ್ಟು, ಸಾಕೆನಿಸಿದರೆ ಸಾಕು ಎನ್ನಿ, ಆ ಕ್ಷಣವೇ ನಿಲ್ಲಿಸುತ್ತೇನೆ ಎಂದು ನನ್ನ ಕಣ್ಣು ನೋಡಿ ಹೇಳಿದರು. ಆಮೇಲೆ ಒತ್ತಿದರು. ಅದು ಒತ್ತುವುದಲ್ಲ, ನಾದುವುದು. ಹಲ್ಲು ಕಚ್ಚಿ ಹಿಡಿದೆ. ಸಾಕು ಎನ್ನಲಿಲ್ಲ.

ಪರದೆಯ ಆಚೆಯಿಂದ ಅತ್ತೆಯ ದನಿ ಬಂತು. “ಮೊದಲು ಎತ್ತಿ ಡಾಕ್ಟ್ರೇ. ಎತ್ತದೆ ತಿರುಗಿಸಿದ್ರೆ ಮೂಲೆ ತಗಲುತ್ತೆ.”

“ಎತ್ತೇ ಇದ್ದೀನಿ ಅಮ್ಮ,” ಡಾಕ್ಟರು ತಲೆ ಎತ್ತದೆ ಹೇಳಿದರು. “ಇದಕ್ಕೆ ಮೂಲೆ ಇಲ್ಲ.”

ಮಗು ಅಡ್ಡಡ್ಡ ಬಂತು. ಹೊಟ್ಟೆ ಅಗಲವಾಗಿ, ನನ್ನದಲ್ಲದ ಆಕಾರ ತಾಳಿದ್ದನ್ನು ಕಣ್ಣಾರೆ ಕಂಡೆ. ಆಯಿತು, ಇನ್ನೇನು ಆಗೇ ಹೋಯಿತು ಎನ್ನುವಷ್ಟರಲ್ಲಿ, ನೀರಿನಲ್ಲಿ ಅದುಮಿದ ಚೆಂಡು ಕೈ ಬಿಟ್ಟೊಡನೆ ಮೇಲೇಳುವ ಹಾಗೆ ಮತ್ತೆ ತನ್ನ ಜಾಗಕ್ಕೇ ಹೋಗಿ ಕುಳಿತಿತು. ಇನ್ನೊಮ್ಮೆಯೂ ಹಾಗೆಯೇ. ಡಾಕ್ಟರು ಕೈ ತೆಗೆದು, ಇವತ್ತಿಗೆ ಸಾಕು, ಮಗು ಚೆನ್ನಾಗಿದೆ ಎಂದರು. ನಾನು ಬಯಸಿದರೆ ಕೆಲವು ದಿನ ಬಿಟ್ಟು ಮತ್ತೆ ನೋಡಬಹುದು. ತಲೆ ತಗ್ಗಿಸಿ ಮಲಗುವುದರಿಂದ ಮಗು ತಿರುಗುತ್ತದೆ ಎಂದು ಮಾತು ಕೊಡಲಾರರು. ಮಾಡುವುದಾದರೆ ಸ್ವಲ್ಪ ಹೊತ್ತು ಮಾತ್ರ, ಪಕ್ಕದಲ್ಲಿ ಒಬ್ಬರಿರಬೇಕು, ತಲೆ ತಿರುಗಿದರೆ ಎದ್ದುಬಿಡಬೇಕು.

“ನೋಡಿದ್ದಾಯ್ತಲ್ಲ,” ಎಂದರು ಅತ್ತೆ, ಲಾರಿ ಹತ್ತುತ್ತ.

ಇನ್ನೂ ಆಗಿಲ್ಲ ಎಂದೆ. ಮಾರನೆಯ ಮಧ್ಯಾಹ್ನ ನಾನು ಗೋದಾಮಿನಲ್ಲಿ, ಲಾರಿಗೆ ಸಾಮಾನು ಏರಿಸುವ ಹಲಗೆಯ ಮೇಲೆ ಕಾಲು ಮೇಲೆ ಮಾಡಿ ಮಲಗಿದ್ದನ್ನು ಅತ್ತೆ ಕಂಡರು. ಸಂಜೆಯ ಹೊತ್ತಿಗೆ ಇದ್ದಬದ್ದ ಹಲಗೆಯೆಲ್ಲ ಲಾರಿ ಸೇರಿ, ಲಾರಿಗೆ ಬೀಗ ಬಿದ್ದು, ಬೀಗದ ಕೈ ಅವರ ಸೊಂಟ ಸೇರಿತ್ತು. ಉಳಿದದ್ದು ಕೆಲಸಕ್ಕೆ ಬಾರದೆಂದು ಮೂಲೆ ಸೇರಿದ್ದ ಈ ಹಳೆಯದು. ಪಕ್ಕದಲ್ಲಿ ಒಬ್ಬರಿರಬೇಕೆಂಬ ಮಾತು ನೆನಪಿತ್ತು. ರಾತ್ರಿ ಗಂಡನನ್ನು ಎಬ್ಬಿಸಿ ನೋಡಿದೆ. ಹೂಂ, ಬಂದೆ ಎಂದವನು ಮಗ್ಗುಲು ಬದಲಿಸಿದ.

ಹಲಗೆ ಕಿರ್ರ್ ಎಂದ ಮೇಲೆ ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ಮೆಟ್ಟಿಲ ಮೇಲೆ ಟಾರ್ಚಿನ ಬೆಳಕು ಇಳಿದು ಬಂತು. ಹಿಂದೆಯೇ ಅತ್ತೆ, ಶಾಲು ಹೊದ್ದುಕೊಂಡು.

“ಬಿದ್ರೆ?”

“ಬೀಳಲ್ಲ. ಅಳತೆ ನೋಡಿದ್ದೀನಿ.”

“ಅಳತೆಗೆ ಸರಿ ಇರುತ್ತೆ. ಭಾರಕ್ಕಲ್ಲ. ಅದನ್ನ ಮೂಲೆಗೆ ಹಾಕಿಸಿದ್ದೇ ನಾನು.”

“ಹಾಗಾದ್ರೆ ಲಾರಿ ಬೀಗ ತೆಗೆದು ಒಳ್ಳೇದು ಕೊಡಿ. ಹಲಗೆ ಅಡಗಿಸಿಟ್ರೆ ನಾನು ಮೆಟ್ಟಿಲ ಮೇಲೆ ಮಲಗ್ತೀನಿ. ನಾಳೆ ಡಾಕ್ಟ್ರಿಗೆ ಫೋನ್ ಮಾಡ್ತೀನಿ, ಇನ್ನೊಂದು ಸಲ ನೋಡಿ ಅಂತೀನಿ. ಅವರು ಆಗಲ್ಲ ಅಂದ್ರೆ ಸರಿ. ನೀವು ಆಗಲ್ಲ ಅಂದ್ರೆ ಕೇಳಲ್ಲ.”

ಅವರು ಟಾರ್ಚನ್ನು ನನ್ನ ಮುಖಕ್ಕೆ ಹಿಡಿದರು. “ನಿನಗೆ ಹೆದರಿಕೆ ಅನ್ನೋದೇ ಇಲ್ವಾ?”

“ಇದೆ. ಹಗಲೂ ರಾತ್ರಿ ಇದೆ. ಹೆದರ್ಕೊಂಡೇ ಮಾಡ್ತೀನಿ.”

ಟಾರ್ಚು ನೆಲಕ್ಕೆ ಇಳಿಯಿತು. ಅತ್ತೆ ಪೆಟ್ಟಿಗೆಯ ಅಂಚಿನ ಮೇಲೆ ಕುಳಿತರು. ಕಂಬಳಿಯ ನೂಲು ಕೀಳುತ್ತ ಮಗನ ಹೆರಿಗೆಯ ಮಾತು ತೆಗೆದರು. ನೋವಿನ ವಿಷಯ ಹೇಳಲಿಲ್ಲ. ಕೋಣೆಯ ತುಂಬ ಜನ ಇದ್ದರಂತೆ. ಏನು ಮಾಡಬೇಕೆಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರಂತೆ.

“ಕಾಲು ಕಾಣಿಸಿದ ಮೇಲೆ ಎಲ್ಲರೂ ದೇವರ ಕಡೆ ನೋಡಿದ್ರು. ನನ್ನ ಕಡೆ ಯಾರೂ ನೋಡ್ಲಿಲ್ಲ. ನಿನಗೇನು ಬೇಕಮ್ಮ ಅಂತ ಒಬ್ರೂ ಕೇಳ್ಲಿಲ್ಲ.”

ನೀವೂ ನನ್ನನ್ನು ಕೇಳಲಿಲ್ಲವಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳುವ ಅಗತ್ಯ ಬೀಳಲಿಲ್ಲ. ಅವರು ನನ್ನ ಮುಖ ನೋಡಿ ಎದ್ದರು.

“ಸರಿ, ಆಚೆ ಸರಿ. ತಡೆಯುತ್ತೋ ಇಲ್ವೋ ನಾನು ಮಲಗಿ ನೋಡ್ತೀನಿ.”

ಬೇಡ ಎನ್ನುವಷ್ಟರಲ್ಲಿ ಕಂಪನಿಯ ಯಜಮಾನಿ ಹಲಗೆಯ ಮೇಲೆ ತಲೆಕೆಳಗಾಗಿದ್ದರು. ಶಾಲು ಜಾರಿ ಮುಖ ಮುಚ್ಚಿತು. ಹಲಗೆ ಕಿರ್ರ್ ಎಂದಿತು, ಕೊರ್ರ್ ಎಂದಿತು, ಆಮೇಲೆ ಅವರನ್ನು ಹೊತ್ತುಕೊಂಡು ಮೆಲ್ಲಗೆ, ಮರ್ಯಾದೆಯಿಂದಲೇ, ಪೆಟ್ಟಿಗೆಯಿಂದ ಕೆಳಗೆ ಜಾರಿ ಕಂಬಳಿಗಳ ರಾಶಿಗೆ ಹೋಗಿ ಸೇರಿತು.

ಶಾಲಿನ ಒಳಗಿನಿಂದ ದನಿ ಬಂತು. “ಟೇಪಮ್ಮ, ನಾನು ಹೇಳಿರಲಿಲ್ವಾ, ಭಾರಕ್ಕಲ್ಲ ಅಂತ.”

ನಗು ಎಲ್ಲಿತ್ತೋ, ಒತ್ತರಿಸಿಕೊಂಡು ಬಂತು. ಅವರನ್ನು ಎಬ್ಬಿಸೋಣವೆಂದರೆ ನಾನು ಬಗ್ಗುವಂತಿಲ್ಲ, ಗಂಡನನ್ನು ಕರೆಯೋಣವೆಂದರೆ ಅವರು ಬಿಡುವಂತಿಲ್ಲ. ಅವರು ನೆಲದಲ್ಲಿ, ನಾನು ಗೋಡೆಗೆ ಆನಿಕೊಂಡು, ಬಾಯಿಗೆ ಕಂಬಳಿ ತುರುಕಿಕೊಂಡು ನಕ್ಕೆವು. ನನ್ನ ಹೊಟ್ಟೆ ಕುಲುಕಿ ಕುಲುಕಿ ನೋಯತೊಡಗಿತು. ಕೊನೆಗೆ ಅವರೇ ಮಗ್ಗುಲಾಗಿ, ಮೊಣಕೈ ಊರಿ ಎದ್ದರು. ಮೊಣಕೈ ತರಚಿತ್ತು.

“ಇದು ಹುಡುಗರ ಕಿವಿಗೆ ಬಿದ್ರೆ, ನಾಳೆಯಿಂದ ನನ್ನ ಮಾತಿಗೆ ಯಾರೂ ಸೊಪ್ಪು ಹಾಕಲ್ಲ.”

ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಅವರು ಸೊಂಟದಿಂದ ಬೀಗದ ಕೈ ತೆಗೆದುಕೊಂಡು ಅಂಗಳಕ್ಕೆ ಹೋಗಿ ಒಳ್ಳೆಯ ಹಲಗೆಯೊಂದನ್ನು ಎಳೆದು ತಂದರು. ಜಾರದ ಹಾಗೆ ಬುಡಕ್ಕೆ ಮರದ ತುಂಡು ಕೊಟ್ಟು, ತಾವೇ ತುಳಿದು ನೋಡಿ, ನನ್ನನ್ನು ಮಲಗಿಸಿದರು. ತಲೆಯ ಕೆಳಗೆ ಶಾಲು ಮಡಚಿಟ್ಟು, ಎರಡೂ ಹಿಮ್ಮಡಿ ಹಿಡಿದುಕೊಂಡು ನಿಂತರು. ಆ ರಾತ್ರಿ ಏನೂ ಆಗಲಿಲ್ಲ. ಮಗುವಿಗೆ ಬಿಕ್ಕಳಿಕೆ ಬಂತು, ಅಷ್ಟೇ.

ಮರುದಿನ ಆಸ್ಪತ್ರೆಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಶುಕ್ರವಾರಕ್ಕೆ ಆಗಲೇ ಬರೆದಾಗಿದೆಯಲ್ಲ ಎಂದಳು. ಬರೆಸಿದ್ದು ನಾನಲ್ಲ, ಡಾಕ್ಟರಿಗೆ ಕೊಡಿ ಎಂದೆ. ಅವರು ಊಟಕ್ಕೆ ಹೋಗಿದ್ದಾರೆ ಎಂದಳು. ಬರುವ ತನಕ ಹಿಡಿದುಕೊಂಡೇ ಇರುತ್ತೇನೆ ಎಂದೆ, ಇದ್ದೆ. ಅತ್ತೆ ಅಲ್ಲಿಯೇ ಹಗ್ಗ ಸುತ್ತುತ್ತ ಕುಳಿತಿದ್ದರು, ತಡೆಯಲಿಲ್ಲ. ಗುರುವಾರ ಬೆಳಿಗ್ಗೆ ಬನ್ನಿ, ಇನ್ನೊಮ್ಮೆ ನೋಡೋಣ ಎಂದರು ಡಾಕ್ಟರು. ಅಲ್ಲಿಯವರೆಗೆ ದಿನವೂ ಹಲಗೆ, ದಿನವೂ ಹಿಮ್ಮಡಿಯ ಮೇಲೆ ಆ ಒರಟು ಕೈಗಳು.

ಬುಧವಾರ ರಾತ್ರಿ ಮಲಗುವ ಮುನ್ನ ಹಲ್ಲುಜ್ಜುತ್ತಿದ್ದೆ. ಹೊಟ್ಟೆಯೊಳಗೆ ಯಾರೋ ಮಂಚ ಎಳೆದ ಹಾಗಾಯಿತು. ಬೇಸಿನ್ನಿನ ಅಂಚು ಹಿಡಿದು ನಿಂತೆ. ಪಕ್ಕೆಲುಬಿನ ಕೆಳಗೆ ಒಮ್ಮೆಲೇ ಉಸಿರಿಗೆ ಜಾಗ ಸಿಕ್ಕಿತ್ತು. ಆದರೂ ನಂಬಲಿಲ್ಲ. ಅಳೆದು ನೋಡದೆ ನಂಬುವವಳಲ್ಲ ನಾನು.

ಗುರುವಾರ ಸ್ಕ್ಯಾನ್ ಮಾಡಿದ ಡಾಕ್ಟರು ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ತಲೆ ಕೆಳಗಿತ್ತು. ದುಂಡಗೆ, ಬಿಳಿಯ ಗೆರೆಯಾಗಿ. ಇನ್ನು ನೋವು ತಾನಾಗಿ ಬರುವ ತನಕ ಕಾಯಬಹುದು, ಶುಕ್ರವಾರದ್ದನ್ನು ಹೊಡೆದುಹಾಕುತ್ತೇನೆ ಎಂದರು. ಏನು ಮಾಡಿದಿರಿ ಎಂದು ನಗುತ್ತ ಕೇಳಿ, ಉತ್ತರಕ್ಕೆ ಕಾಯದೆ, ಕೆಲವು ಮಕ್ಕಳು ತಾವಾಗಿಯೇ ತಿರುಗುತ್ತವೆ, ಯಾಕೆಂದು ಯಾರೂ ಹೇಳಲಾರರು ಎಂದರು.

ಗೋದಾಮಿನಲ್ಲಿ ಮಾತ್ರ ಎಲ್ಲರೂ ಹೇಳಬಲ್ಲವರಾಗಿದ್ದರು. ಅದು ರೇಡಿಯೋದ ಕೆಲಸ ಎಂದ ಮೇಸ್ತ್ರಿ. ನಾನು ಎಡಕ್ಕೆ ಎಂದಿರಲಿಲ್ಲವೇ ಎಂದು ಗಂಡ ಎದೆಯುಬ್ಬಿಸಿದ. ಅತ್ತೆ ಫೋನ್ ತೆಗೆದುಕೊಂಡು ಯಾರಿಗೋ, ಶುಕ್ರವಾರ ಲಾರಿ ಇದೆ, ಬರುತ್ತೇವೆ ಎಂದರು. ತೋಳು ಎತ್ತಿದಾಗ ಶಾಲು ಸರಿಯಿತು.

“ಮೊಣಕೈಗೆ ಏನಾಯ್ತು ಯಜಮಾನಿ?” ಮೇಸ್ತ್ರಿ ಕೇಳಿದ.

“ಬೀರು ತಗಲಿತು.”

ಇತ್ತೀಚೆಗೆ ನಾವು ಯಾವ ಬೀರೂ ಸಾಗಿಸಿರಲಿಲ್ಲ. ಮೇಸ್ತ್ರಿಗೆ ಅದು ಗೊತ್ತಿತ್ತು. ಅವನು ತಿರುಗಿ ನನ್ನ ಮುಖ ನೋಡಿದ. ಅಳತೆಯಲ್ಲಿ ಎಂದೂ ಸುಳ್ಳು ಹೇಳದವಳು ನಾನು. ಗಂಡನೂ ನೋಡಿದ. ಅತ್ತೆ ಮಾತ್ರ ನೋಡಲಿಲ್ಲ. ಅವರು ಫೋನಿನಲ್ಲಿ ಆ ಮನೆಯ ಮೆಟ್ಟಿಲಿಗೆ ತಿರುವು ಎಷ್ಟು ಎಂದು ವಿಚಾರಿಸುತ್ತಿದ್ದರು.

ಟೇಪನ್ನು ಚೀಲಕ್ಕೆ ಹಾಕಿಕೊಂಡೆ. ಬಾಗಿಲ ಬಳಿ, ಕಂಬಳಿಗಳ ರಾಶಿಯ ಮೇಲೆ, ಹಳೆಯ ಹಲಗೆ ಬಿದ್ದಲ್ಲೇ ಬಿದ್ದಿತ್ತು. ಅದನ್ನು ದಾಟಿಕೊಂಡು ಅಂಗಳಕ್ಕಿಳಿದೆ. ಅದರ ವಿಷಯ ಗಂಡನಿಗೂ ಹೇಳುವುದಿಲ್ಲ. ಹುಟ್ಟಿ, ಬೆಳೆದು, ತಾನು ತಿರುಗಿದ್ದು ಹೇಗೆಂದು ಕೇಳಿದರೆ ಈ ಹಟಮಾರಿಗೂ ಹೇಳುವುದಿಲ್ಲ.